ಉರುಳುವ ಗುಂಡಿನ ವೇಗ ಸೂತ್ರ ಹೇಳುವುದಕ್ಕಿಂತ ಕಡಿಮೆ ಬರುತ್ತಿದೆ: ಉಳಿದ ಶಕ್ತಿ ಎಲ್ಲಿ ಹೋಯಿತು?

ಓರೆಹಲಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಜಾರದೆ ಉರುಳುವ ವಸ್ತುವಿನ ಯಾಂತ್ರಿಕ ಶಕ್ತಿ ಸಂರಕ್ಷಣೆಯಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಸಾಧಿಸಿದರಷ್ಟೇ ಸಾಲದು, ಅಳೆದೂ ತೋರಿಸಬೇಕು ಎಂಬ ಉದ್ದೇಶದಿಂದ ಪ್ರಯೋಗಾಲಯದಲ್ಲಿ ಒಂದು ಸರಳ ವ್ಯವಸ್ಥೆ ಮಾಡಿಕೊಂಡಿದ್ದೇನೆ. 12 ಮಿ.ಮೀ. ಒಳ ಅಗಲದ ಅಲ್ಯೂಮಿನಿಯಂ ಚಾನೆಲ್ ಒಂದನ್ನು ಓರೆಯಾಗಿ ನಿಲ್ಲಿಸಿ, ಕೆಳತುದಿಯಲ್ಲಿ ನಿಧಾನವಾಗಿ ಬಾಗಿಸಿ, ಮುಂದಿನ ಭಾಗವನ್ನು ಸಮತಟ್ಟಾಗಿ ಇರಿಸಲಾಗಿದೆ. ಅದರ ಮೇಲೆ 20 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ನಿಶ್ಚಲ ಸ್ಥಿತಿಯಿಂದ ಬಿಡುತ್ತೇನೆ. ಗುಂಡಿನ ಕೇಂದ್ರ ಇಳಿಯುವ ಎತ್ತರ 20 ಸೆಂ.ಮೀ. ಸಮತಟ್ಟಾದ ಭಾಗದಲ್ಲಿ 30 ಸೆಂ.ಮೀ. ಅಂತರದಲ್ಲಿ ಎರಡು ಫೋಟೋಗೇಟ್‌ಗಳಿದ್ದು, ಗುಂಡು ಆ ದೂರವನ್ನು ದಾಟಲು ತೆಗೆದುಕೊಳ್ಳುವ ಕಾಲವನ್ನು ಅವು ದಾಖಲಿಸುತ್ತವೆ.

ಘರ್ಷಣೆಯಿಲ್ಲದೆ ಜಾರಿ ಇಳಿದಿದ್ದರೆ ವೇಗ ಸೆಕೆಂಡಿಗೆ 1.98 ಮೀಟರ್ ಆಗಬೇಕಿತ್ತು. ಉರುಳುವ ಘನ ಗೋಳಕ್ಕೆ ಪಠ್ಯದ ಸೂತ್ರದ ಪ್ರಕಾರ ಅದು 1.67 ಮೀಟರ್ ಆಗಬೇಕು. ಆದರೆ ಗೇಟುಗಳ ನಡುವಿನ ಕಾಲ 0.195 ಸೆಕೆಂಡಿನ ಆಸುಪಾಸಿನಲ್ಲೇ ಬರುತ್ತಿದೆ. ಅಂದರೆ ವೇಗ 1.54 ಮೀಟರ್ ಮಾತ್ರ. ಚಲನಶಕ್ತಿಯ ಲೆಕ್ಕ ಹಾಕಿದರೆ, ಕಳೆದುಕೊಂಡ ಪ್ರಚ್ಛನ್ನ ಶಕ್ತಿಯಲ್ಲಿ ಸುಮಾರು ಶೇ. 15ರಷ್ಟು ಕಾಣೆಯಾಗಿದೆ. ಗುಂಡು ಜಾರುತ್ತಿದೆಯೇ ಎಂದು ಅದರ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದ್ದೇನೆ. ಜಾರುವ ಲಕ್ಷಣ ಕಾಣುವುದಿಲ್ಲ.

ವಿದ್ಯಾರ್ಥಿಗಳ ಆಕ್ಷೇಪ ಇನ್ನೂ ಮೂಲಭೂತವಾದುದು. ಘರ್ಷಣಾ ಬಲವು ಇಳಿಜಾರಿನ ಉದ್ದಕ್ಕೂ ಮೇಲ್ಮುಖವಾಗಿ ವರ್ತಿಸುತ್ತದೆ, ಗುಂಡು ಕೆಳಮುಖವಾಗಿ ಸಾಗುತ್ತದೆ, ಹಾಗಿದ್ದಮೇಲೆ ಘರ್ಷಣೆ ಮಾಡುವ ಕೆಲಸ ಋಣಾತ್ಮಕವಾಗಲೇಬೇಕಲ್ಲವೇ ಎಂದು ಅವರು ಕೇಳುತ್ತಾರೆ. ಕೆಲಸ ಸೊನ್ನೆ ಎಂದು ನಾನು ಹೇಳಿದರೆ, ಕಾಣೆಯಾದ ಆ ಶೇ. 15ನ್ನೇ ತೋರಿಸಿ, ಇದು ಘರ್ಷಣೆಗೆ ಹೋಗಿರದಿದ್ದರೆ ಇನ್ನಾವುದಕ್ಕೆ ಹೋಯಿತು ಎನ್ನುತ್ತಾರೆ. ಈ ಎರಡೂ ಪ್ರಶ್ನೆಗಳಿಗೆ ಒಪ್ಪಿಸುವಂಥ ಉತ್ತರ ಬೇಕಾಗಿದೆ.

ಅಚ್ಚುಗಾಲಿ

ನಿಮ್ಮ ವಿದ್ಯಾರ್ಥಿಗಳ ಆಕ್ಷೇಪ ಸರಿಯಾದ ಜಾಗದಲ್ಲೇ ಹುಟ್ಟಿದೆ. ಅದನ್ನು ‘ಕೆಲಸ ಸೊನ್ನೆ’ ಎಂಬ ಒಂದೇ ಮಾತಿನಿಂದ ಮುಗಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ. ಶೇ. 15ರ ವಿಷಯಕ್ಕೆ ಚಾನೆಲ್‌ನ ಅಗಲವೇ ಕಾರಣವೆಂದು ನನಗೆ ತೋರುತ್ತದೆ, ಆದರೆ ಅದನ್ನು ಇಲ್ಲಿ ನನಗಿಂತ ಚೆನ್ನಾಗಿ ವಿವರಿಸಬಲ್ಲವರಿದ್ದಾರೆ.

ಒಂದು ಬಲ ಮಾಡುವ ಕೆಲಸವನ್ನು ಲೆಕ್ಕ ಹಾಕುವಾಗ, ಆ ಬಲ ವಸ್ತುವಿನ ಯಾವ ಕಣದ ಮೇಲೆ ವರ್ತಿಸುತ್ತಿದೆಯೋ ಆ ಕಣದ ಸ್ಥಾನಾಂತರವನ್ನು ನೋಡಬೇಕೇ ಹೊರತು ವಸ್ತುವಿನ ಕೇಂದ್ರದ ಸ್ಥಾನಾಂತರವನ್ನಲ್ಲ. ಜಾರದೆ ಉರುಳುವ ಗುಂಡಿನಲ್ಲಿ ನೆಲ ಮುಟ್ಟಿರುವ ಬಿಂದುವಿಗೆ ಆ ಕ್ಷಣದಲ್ಲಿ ವೇಗವೇ ಇಲ್ಲ: ಕೇಂದ್ರದ ಮುಂದಿನ ವೇಗವೂ ಭ್ರಮಣದಿಂದಾಗಿ ಬರುವ ಹಿಂದಿನ ವೇಗವೂ ಅಲ್ಲಿ ಸರಿಸಮವಾಗಿ ಕಳೆದುಹೋಗುತ್ತವೆ. ತುತ್ತತುದಿಯ ಬಿಂದುವಿನಲ್ಲಿ ಇವೆರಡೂ ಕೂಡಿ ವೇಗ ಇಮ್ಮಡಿಯಾಗುತ್ತದೆ. ಚಲಿಸುತ್ತಿರುವ ಸೈಕಲ್ಲಿನ ಚಿತ್ರವನ್ನು ಸ್ವಲ್ಪ ನಿಧಾನದ ಶಟರ್‌ನಲ್ಲಿ ತೆಗೆದರೆ ನೆಲದ ಹತ್ತಿರದ ಕಡ್ಡಿಗಳು ಸ್ಪಷ್ಟವಾಗಿ ಎಣಿಸುವಂತೆ ಮೂಡುತ್ತವೆ, ಮೇಲ್ಭಾಗದ ಕಡ್ಡಿಗಳು ಕಲಸಿಹೋಗಿರುತ್ತವೆ. ಒಂದು ಕಣ ನೆಲ ಮುಟ್ಟುವುದು ಕ್ಷಣಮಾತ್ರ. ಮರುಕ್ಷಣ ಅದು ನೆಲಬಿಟ್ಟು ಮೇಲೇಳುತ್ತದೆ, ಅದರ ಜಾಗಕ್ಕೆ ಪಕ್ಕದ ಕಣ ಬರುತ್ತದೆ. ಘರ್ಷಣಾ ಬಲ ವರ್ತಿಸುವ ಸ್ಥಳ ಇಳಿಜಾರಿನಲ್ಲಿ ಕೆಳಕ್ಕೆ ಸಾಗುತ್ತಿರುವುದು ನಿಜ, ಆದರೆ ಆ ಬಲಕ್ಕೆ ಒಳಗಾದ ಯಾವ ಕಣವೂ ಬಲವಿರುವಾಗ ಇಳಿಜಾರಿನ ಉದ್ದಕ್ಕೆ ಸರಿಯುವುದಿಲ್ಲ. ಆದ್ದರಿಂದ ಒಟ್ಟು ಕೆಲಸ ಸೊನ್ನೆ.

ಒಟ್ಟು ಸೊನ್ನೆಯೆಂದ ಮಾತ್ರಕ್ಕೆ ಘರ್ಷಣೆ ಏನನ್ನೂ ಮಾಡುತ್ತಿಲ್ಲವೆಂದು ಅರ್ಥವಲ್ಲ. ಚಲನಶಕ್ತಿಯನ್ನು ಎರಡು ಖಾತೆಗಳಾಗಿ ಬರೆದುಕೊಳ್ಳಿ: ಕೇಂದ್ರದ ಸರಳ ಚಲನೆಯದು ಒಂದು, ಕೇಂದ್ರದ ಸುತ್ತಲಿನ ಭ್ರಮಣದ್ದು ಇನ್ನೊಂದು. ಮೊದಲನೆಯ ಖಾತೆಯಿಂದ ಘರ್ಷಣೆಯು ‘ಬಲ × ಸಾಗಿದ ದೂರ’ದಷ್ಟನ್ನು ತೆಗೆಯುತ್ತದೆ, ನಿಮ್ಮ ವಿದ್ಯಾರ್ಥಿಗಳು ಹೇಳುವ ಋಣಾತ್ಮಕ ಮೊತ್ತ ಇದೇ. ಅದೇ ಘರ್ಷಣೆಯ ಟಾರ್ಕ್, ಅಂದರೆ ತಿರುಗಿಸುವ ಪರಿಣಾಮ, ಎರಡನೆಯ ಖಾತೆಗೆ ‘ಬಲ × ತ್ರಿಜ್ಯ × ತಿರುಗಿದ ಕೋನ’ದಷ್ಟನ್ನು ಸೇರಿಸುತ್ತದೆ. ಜಾರಿಕೆಯಿಲ್ಲದಿದ್ದಾಗ ತ್ರಿಜ್ಯ ಮತ್ತು ಕೋನದ ಗುಣಲಬ್ಧವೇ ಸಾಗಿದ ದೂರವಾದ್ದರಿಂದ ತೆಗೆದದ್ದೂ ಸೇರಿಸಿದ್ದೂ ಪೈಸೆ ಪೈಸೆಗೂ ತಾಳೆಯಾಗುತ್ತವೆ. ಗುರುತ್ವಬಲ ಕೇಂದ್ರದ ಮೂಲಕವೇ ಹಾದುಹೋಗುವುದರಿಂದ ಅದಕ್ಕೆ ಗುಂಡನ್ನು ತಿರುಗಿಸುವ ಸಾಮರ್ಥ್ಯವಿಲ್ಲ. ಹಾಗಾಗಿ ಗುಂಡು ತಿರುಗುವುದಕ್ಕೆ ಘರ್ಷಣೆಯೊಂದೇ ಕಾರಣ, ಮತ್ತು ತಿರುಗಿಸುವುದಕ್ಕೆ ಬೇಕಾದ ಶಕ್ತಿಯನ್ನು ಅದು ತರುವುದು ಸರಳ ಚಲನೆಯ ಖಾತೆಯಿಂದಲೇ.

ಹಂಚಿಕೆ ಎಷ್ಟೆಂಬುದನ್ನು ಆಕಾರ ನಿರ್ಧರಿಸುತ್ತದೆ. ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟವೆಂದು ಹೇಳುವ ಮೊಮೆಂಟ್ ಆಫ್ ಇನರ್ಷಿಯಾವನ್ನು ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು ಇಲ್ಲಿ ಆಕಾರಾಂಕ ಎಂದು ಕರೆಯೋಣ. ಘನ ಗೋಳಕ್ಕೆ ಅದು 2/5, ಘನ ಉರುಳೆಗೆ 1/2, ತೆಳುವಾದ ಟೊಳ್ಳು ಗೋಳಕ್ಕೆ 2/3, ಬಳೆಯಂಥ ಉಂಗುರಕ್ಕೆ 1. ಕೆಳಗಿಳಿದಾಗ ವೇಗದ ವರ್ಗವು ‘2 × ಗುರುತ್ವ ವೇಗೋತ್ಕರ್ಷ × ಎತ್ತರ’ವನ್ನು ‘1 + ಆಕಾರಾಂಕ’ದಿಂದ ಭಾಗಿಸಿದಷ್ಟು. ಘನ ಗೋಳದಲ್ಲಿ ಪ್ರತಿ 7 ಜೂಲ್‌ನಲ್ಲಿ 5 ಜೂಲ್ ಸಾಗುವುದಕ್ಕೆ, 2 ಜೂಲ್ ತಿರುಗುವುದಕ್ಕೆ ಹೋಗುತ್ತದೆ. ಉಂಗುರದಲ್ಲಿ ಅರ್ಧಕ್ಕರ್ಧ. ದ್ರವ್ಯರಾಶಿಯೂ ತ್ರಿಜ್ಯವೂ ಸೂತ್ರದಿಂದ ಬಿದ್ದುಹೋಗುವುದನ್ನು ಗಮನಿಸಿ: ಗೋಲಿಯೂ ಕಬ್ಬಿಣದ ದೊಡ್ಡ ಗುಂಡೂ ಒಟ್ಟಿಗೇ ತಳ ಮುಟ್ಟುತ್ತವೆ, ಆದರೆ ಅದೇ ತೂಕದ ಬಳೆ ಹಿಂದುಳಿಯುತ್ತದೆ.

ಪರಿಧಿ

ಅಚ್ಚುಗಾಲಿಯವರು ಸೂಚಿಸಿರುವಂತೆ ಉತ್ತರ ಚಾನೆಲ್‌ನ ಅಗಲದಲ್ಲಿದೆ. ಮೇಲಿನ ಸೂತ್ರದಲ್ಲಿ ಅಡಗಿರುವ ಒಂದು ಊಹೆಯೆಂದರೆ ಗುಂಡು ತನ್ನ ತಳದ ಒಂದೇ ಬಿಂದುವಿನಲ್ಲಿ ಸಮತಲವನ್ನು ಮುಟ್ಟುತ್ತದೆ ಎಂಬುದು. ನಿಮ್ಮ ವ್ಯವಸ್ಥೆಯಲ್ಲಿ ಹಾಗಾಗುತ್ತಿಲ್ಲ. 20 ಮಿ.ಮೀ. ವ್ಯಾಸದ ಗುಂಡು 12 ಮಿ.ಮೀ. ಅಗಲದ ಚಾನೆಲ್‌ನ ಎರಡು ಅಂಚುಗಳ ಮೇಲೆ ಕುಳಿತಿದೆ, ಅದರ ತಳ ಅಂಚಿನಿಂದ 2 ಮಿ.ಮೀ. ಕೆಳಗೆ ಗಾಳಿಯಲ್ಲಿದೆ. ಭ್ರಮಣದ ಅಕ್ಷ ಕೇಂದ್ರದ ಮೂಲಕ ಅಡ್ಡಲಾಗಿ ಹಾದುಹೋಗುತ್ತದೆ. ಆ ಅಕ್ಷದಿಂದ ಅಂಚುಗಳಿರುವ ಮಟ್ಟಕ್ಕೆ ಇರುವ ಲಂಬ ದೂರ ಎಷ್ಟು? ತ್ರಿಜ್ಯ 10, ಅಗಲದ ಅರ್ಧ 6, ಆದ್ದರಿಂದ ಪೈಥಾಗೊರಸ್ ಪ್ರಮೇಯದಂತೆ ಅದು 8 ಮಿ.ಮೀ. ಗುಂಡು ಉರುಳುತ್ತಿರುವುದು 10 ಮಿ.ಮೀ. ತ್ರಿಜ್ಯದ ಮೇಲಲ್ಲ, 8 ಮಿ.ಮೀ. ತ್ರಿಜ್ಯದ ಮೇಲೆ.

ಇದರ ಪರಿಣಾಮವಾಗಿ ಒಂದು ಸುತ್ತಿಗೆ ಗುಂಡು ಸಾಗುವ ದೂರ ಕಡಿಮೆಯಾಗುತ್ತದೆ, ಅಂದರೆ ಅದೇ ವೇಗಕ್ಕೆ ಅದು ಹೆಚ್ಚು ಬಿರುಸಾಗಿ ತಿರುಗಬೇಕಾಗುತ್ತದೆ, ಮತ್ತು ಭ್ರಮಣದ ಖಾತೆಗೆ ಹೆಚ್ಚು ಪಾಲು ಹೋಗುತ್ತದೆ. ಲೆಕ್ಕದಲ್ಲಿ ಆಕಾರಾಂಕವನ್ನು 100/64ರಿಂದ ಗುಣಿಸಬೇಕು: 0.4 ಇದ್ದದ್ದು 0.625 ಆಗುತ್ತದೆ. ಆಗ ನಿರೀಕ್ಷಿತ ವೇಗ, ‘2 × ಗುರುತ್ವ ವೇಗೋತ್ಕರ್ಷ × ಎತ್ತರ’ವಾದ 3.92ನ್ನು 1.625ರಿಂದ ಭಾಗಿಸಿ ವರ್ಗಮೂಲ ತೆಗೆದರೆ, ಸೆಕೆಂಡಿಗೆ 1.55 ಮೀಟರ್. ನೀವು ಅಳೆದದ್ದು 1.54. ಹೊಸ ಆಕಾರಾಂಕದೊಂದಿಗೆ ಶಕ್ತಿಯ ಲೆಕ್ಕವನ್ನು ಮತ್ತೆ ಮಾಡಿದರೆ ಕಾಣೆಯಾಗಿರುವುದು ಸುಮಾರು ಶೇ. 2 ಮಾತ್ರ. ಉಳಿದ ಶೇ. 13ಕ್ಕೂ ಮಿಕ್ಕ ಭಾಗ ಎಲ್ಲಿಯೂ ಹೋಗಿಲ್ಲ, ಗುಂಡಿನ ತಿರುಗುವಿಕೆಯಲ್ಲೇ ಇದೆ. ಫೋಟೋಗೇಟ್‌ಗಳು ಸಾಗುವ ವೇಗವನ್ನಷ್ಟೇ ನೋಡಬಲ್ಲವಾದ್ದರಿಂದ ಅವಕ್ಕೆ ಅದು ಕಾಣಲಿಲ್ಲ.

ನೀವು ತೆಗೆದಿರುವ ಸ್ಲೋ ಮೋಷನ್ ಚಿತ್ರಿಕೆಯಲ್ಲೇ ಇದಕ್ಕೆ ನೇರ ಸಾಕ್ಷಿ ಸಿಗುತ್ತದೆ. ಸಮತಟ್ಟಾದ ಭಾಗದಲ್ಲಿ ಮಾರ್ಕರ್ ಗೆರೆ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಗುಂಡು ಸಾಗಿದ ದೂರವನ್ನು ಸ್ಕೇಲಿನ ಮೇಲೆ ಓದಿ. ತಳದ ಮೇಲೆ ಉರುಳುತ್ತಿದ್ದರೆ ಅದು 6.3 ಸೆಂ.ಮೀ. ಇರಬೇಕು, ಅಂಚುಗಳ ಮೇಲೆ ಉರುಳುತ್ತಿದ್ದರೆ 5 ಸೆಂ.ಮೀ. ಈ ವ್ಯತ್ಯಾಸಕ್ಕೆ ಸೂಕ್ಷ್ಮ ಉಪಕರಣಗಳೇನೂ ಬೇಕಿಲ್ಲ.

ಇದೇ ಪ್ರಯೋಗದ ಮೂಲಪುರುಷನಾದ ಗೆಲಿಲಿಯೊ ಬಳಸಿದ್ದೂ ಕಾಲುವೆ ಕೊರೆದ ಮರದ ತೊಲೆಯನ್ನೇ ಎಂಬುದು ಇಲ್ಲಿ ನೆನಪಿಗೆ ಬರುತ್ತದೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ, ಒಂದು ಬೆರಳಿಗಿಂತ ತುಸು ಅಗಲವಾದ ಕಾಲುವೆಗೆ ನುಣುಪಾದ ಚರ್ಮಪತ್ರ ಅಂಟಿಸಿ, ಗಟ್ಟಿಯಾದ ಕಂಚಿನ ಗುಂಡನ್ನು ಅದರೊಳಗೆ ಉರುಳಿಸಿ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಹರಿದ ನೀರನ್ನು ತೂಗಿ ಕಾಲವನ್ನು ಅಳೆದದ್ದಾಗಿ ವಿವರಿಸುತ್ತಾನೆ. ಆತನಿಗೆ ಬೇಕಾಗಿದ್ದುದು ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆಯೇ ಎಂಬುದು ಮಾತ್ರ. ಉರುಳುವಿಕೆಯಿಂದ ವೇಗೋತ್ಕರ್ಷ ಒಂದು ಸ್ಥಿರ ಅಂಶದಷ್ಟು ತಗ್ಗಿದರೂ ಆ ಅನುಪಾತಕ್ಕೆ ಧಕ್ಕೆಯಿಲ್ಲ, ಹಾಗಾಗಿ ಭ್ರಮಣದ ಪಾಲು ಆತನ ತೀರ್ಮಾನವನ್ನು ಕೆಡಿಸಲಿಲ್ಲ. ಆದರೆ ಆ ಅಳತೆಗಳಿಂದ ಮುಕ್ತ ಪತನದ ವೇಗೋತ್ಕರ್ಷವನ್ನು ನೇರವಾಗಿ ಲೆಕ್ಕ ಹಾಕಹೊರಟರೆ ಉತ್ತರ ಬಹಳ ಕಡಿಮೆ ಬರುತ್ತದೆ. ಸಮತಲದ ಮೇಲಾದರೂ 5/7ರಷ್ಟು, ಕಾಲುವೆಯ ಅಂಚುಗಳ ಮೇಲೆ ಕುಳಿತರೆ ಅದಕ್ಕಿಂತಲೂ ಕಡಿಮೆ. ಮೊಮೆಂಟ್ ಆಫ್ ಇನರ್ಷಿಯಾ ಎಂಬ ಪರಿಕಲ್ಪನೆಗೆ ಗಣಿತಜ್ಞ ಆಯ್ಲರ್ ಆ ಹೆಸರನ್ನು ಕೊಟ್ಟದ್ದು 1765ರಲ್ಲಿ, ಗೆಲಿಲಿಯೊ ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಪ್ರಥಮಪಿಯು

ನಾನು ವಿದ್ಯಾರ್ಥಿ. ಒಂದು ಸಂದೇಹ ಕೇಳಬಹುದೇ ಸರ್? ಅಭ್ಯಾಸ ಪತ್ರಿಕೆಯೊಂದರಲ್ಲಿ ಹೀಗೊಂದು ಲೆಕ್ಕವಿತ್ತು: ಬಟ್ಟಲಿನಂಥ ಇಳಿಜಾರಿನ ಎಡಭಾಗ ಒರಟು, ಬಲಭಾಗ ಪೂರ್ತಿ ನುಣುಪು. ಎಡಗಡೆ ಒಂದು ಎತ್ತರದಿಂದ ಉರುಳಿಬಂದ ಘನ ಗೋಳ ಬಲಗಡೆ ಎಷ್ಟು ಎತ್ತರ ಏರುತ್ತದೆ? ಶಕ್ತಿ ಸಂರಕ್ಷಣೆಯಾಗುತ್ತದೆಯಾದ್ದರಿಂದ ಅಷ್ಟೇ ಎತ್ತರ ಎಂದು ನಾನು ಬರೆದೆ. ಉತ್ತರಸೂಚಿಯಲ್ಲಿ 5/7 ಎಂದಿದೆ. ಘರ್ಷಣೆಯೇ ಇಲ್ಲದ ಕಡೆ ಶಕ್ತಿ ನಷ್ಟವಾಗುವುದು ಹೇಗೆ?

ಅಚ್ಚುಗಾಲಿ

ನಷ್ಟವಾಗಿಲ್ಲ, ತಮ್ಮಾ, ಸಿಕ್ಕಿಹಾಕಿಕೊಂಡಿದೆ. ಬಲಗಡೆಯ ನುಣುಪಾದ ಮೇಲ್ಮೈಯಲ್ಲಿ ಗುಂಡಿನ ಮೇಲೆ ಎರಡೇ ಬಲಗಳಿವೆ: ಗುರುತ್ವ ಮತ್ತು ಮೇಲ್ಮೈಯ ಲಂಬ ಬಲ. ಎರಡೂ ಕೇಂದ್ರದ ಮೂಲಕ ಹಾದುಹೋಗುತ್ತವೆ, ಎರಡಕ್ಕೂ ಟಾರ್ಕ್ ಇಲ್ಲ. ಹಾಗಾಗಿ ಗುಂಡು ತಳದಲ್ಲಿದ್ದಷ್ಟೇ ಬಿರುಸಿನಲ್ಲಿ ತಿರುಗುತ್ತಲೇ ಮೇಲಕ್ಕೆ ಜಾರುತ್ತದೆ. ಎತ್ತರವಾಗಿ ಬದಲಾಗಬಲ್ಲದ್ದು ಸರಳ ಚಲನೆಯ 5 ಪಾಲು ಮಾತ್ರ. ಭ್ರಮಣದ 2 ಪಾಲನ್ನು ಹೊರತೆಗೆಯಲು ಅಲ್ಲಿ ಸಾಧನವೇ ಇಲ್ಲ. 20 ಸೆಂ.ಮೀ.ನಿಂದ ಹೊರಟ ಗುಂಡು 14.3 ಸೆಂ.ಮೀ. ಏರಿ, ಒಂದು ಕ್ಷಣ ನಿಂತಲ್ಲೇ ಗಿರ್ರನೆ ತಿರುಗಿ, ಮತ್ತೆ ಕೆಳಗೆ ಜಾರುತ್ತದೆ. ಒಟ್ಟು ಶಕ್ತಿ ಆ ಕ್ಷಣದಲ್ಲೂ ಹೊರಟಾಗ ಇದ್ದಷ್ಟೇ ಇದೆ.

ಬಲಗಡೆಯೂ ಒರಟಾಗಿದ್ದರೆ ಗುಂಡು ಪೂರ್ತಿ 20 ಸೆಂ.ಮೀ. ಏರುತ್ತದೆ. ಇಲ್ಲಿ ಘರ್ಷಣೆಯ ದಿಕ್ಕನ್ನು ವಿಚಾರ ಮಾಡಿ ನೋಡಬೇಕು, ಏಕೆಂದರೆ ಬಹಳಷ್ಟು ಮಂದಿ ಅದನ್ನು ಚಲನೆಗೆ ವಿರುದ್ಧವಾಗಿ, ಅಂದರೆ ಕೆಳಮುಖವಾಗಿ ಬರೆದುಬಿಡುತ್ತಾರೆ. ಏರುವ ಗುಂಡಿನ ವೇಗ ಕುಗ್ಗುತ್ತಿದೆ. ಜಾರದಿರಬೇಕಾದರೆ ತಿರುಗುವಿಕೆಯೂ ಅದೇ ಪ್ರಮಾಣದಲ್ಲಿ ಕುಗ್ಗಬೇಕು. ತಿರುಗುವಿಕೆಯನ್ನು ಕುಗ್ಗಿಸಬಲ್ಲ ಟಾರ್ಕ್ ಬರಬೇಕಾದರೆ ತಳದಲ್ಲಿ ಘರ್ಷಣೆ ಮೇಲ್ಮುಖವಾಗಿಯೇ ಇರಬೇಕು. ಇಳಿಯುವಾಗಲೂ ಏರುವಾಗಲೂ ಅದು ಮೇಲ್ಮುಖವೇ. ಇಳಿಯುವಾಗ ಸಾಗುವಿಕೆಯಿಂದ ತೆಗೆದು ತಿರುಗುವಿಕೆಗೆ ಕೊಟ್ಟದ್ದನ್ನು ಏರುವಾಗ ತಿರುಗುವಿಕೆಯಿಂದ ತೆಗೆದು ಸಾಗುವಿಕೆಗೆ ಮರಳಿಸುತ್ತದೆ. ಸಮತಟ್ಟಾದ ನೆಲದಲ್ಲಿ ಏಕರೂಪ ವೇಗದಿಂದ ಉರುಳುವಾಗ ಈ ಬಲದ ಮೌಲ್ಯ ಸೊನ್ನೆ.

ನಿನ್ನ ಲೆಕ್ಕವನ್ನು ಪತ್ರಿಕೆ ಬಿಟ್ಟಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದುವರಿಸಿ ನೋಡುವುದು ಲಾಭದಾಯಕ. ನುಣುಪು ಭಾಗದಿಂದ ಹಿಂದಿರುಗಿದ ಗುಂಡು ಎಡಕ್ಕೆ ಸಾಗುತ್ತಿದೆ, ಆದರೆ ಇನ್ನೂ ಬಲಕ್ಕೆ ಹೋಗುವಾಗಿನ ದಿಕ್ಕಿನಲ್ಲೇ ತಿರುಗುತ್ತಿದೆ. ತಳದಲ್ಲಿ ಸಾಕಷ್ಟು ಉದ್ದದ ಸಮತಟ್ಟಾದ ಒರಟು ನೆಲವಿದೆ ಎಂದು ಭಾವಿಸೋಣ. ಅಲ್ಲಿ ಈಗ ಜಾರಿಕೆ ಶುರುವಾಗುತ್ತದೆ. ನೆಲದ ಮೇಲಿನ ಒಂದು ಬಿಂದುವಿನ ಸುತ್ತ ಕೋನೀಯ ಸಂವೇಗ (ಟಾರ್ಕ್ ಇಲ್ಲದೆ ಬದಲಾಗದ, ತಿರುಗುವಿಕೆಯ ಸಂವೇಗ) ಬದಲಾಗುವುದಿಲ್ಲ, ಏಕೆಂದರೆ ಘರ್ಷಣಾ ಬಲ ಆ ನೆಲದ ರೇಖೆಯಲ್ಲೇ ಇದೆ. ಸಾಗುವಿಕೆಯಿಂದ ಎಡಕ್ಕೆ 1 ಪಾಲು, ತಿರುಗುವಿಕೆಯಿಂದ ಬಲಕ್ಕೆ 2/5 ಪಾಲು, ಉಳಿದದ್ದು 3/5. ಕೊನೆಗೆ ಉರುಳತೊಡಗಿದಾಗ ಅದು ವೇಗದ 7/5ಕ್ಕೆ ಸಮವಾಗಬೇಕು, ಅಂದರೆ ವೇಗ 3/7ಕ್ಕೆ ಇಳಿಯುತ್ತದೆ. ಶಕ್ತಿ ಅದರ ವರ್ಗ, 9/49. ಎಡಗಡೆಯ ಇಳಿಜಾರಿನಲ್ಲಿ ಗುಂಡು ಏರುವುದು 3.7 ಸೆಂ.ಮೀ. ಮಾತ್ರ. ಶಕ್ತಿ ನಿಜವಾಗಿ ಶಾಖವಾಗಿ ಹೋದದ್ದು ಇಲ್ಲಿ, ಜಾರಿಕೆ ನಡೆದ ಆ ಸ್ವಲ್ಪ ಹೊತ್ತಿನಲ್ಲಿ.

ಲೇತ್‌ಮನೆ

ಮೇಲಿನ ಲೆಕ್ಕಗಳಲ್ಲಿ ತಪ್ಪೇನೂ ಇಲ್ಲ, ಆದರೆ ಚರ್ಚೆ ಓದಿದವರಿಗೆ ಉರುಳುವಿಕೆಯಲ್ಲಿ ನಷ್ಟವೇ ಇಲ್ಲವೆಂಬ ಭಾವನೆ ಉಳಿಯಬಾರದು ಎಂದು ಬರೆಯುತ್ತಿದ್ದೇನೆ. ಬೇರಿಂಗುಗಳ ಜೊತೆ ಕೆಲಸ ಮಾಡಿದವರಿಗೆ ಅದು ದಿನನಿತ್ಯದ ಅನುಭವ. ಸಮತಟ್ಟಾದ ನೆಲದ ಮೇಲೆ ತಳ್ಳಿಬಿಟ್ಟ ಗುಂಡು ಕೊನೆಗೊಮ್ಮೆ ನಿಲ್ಲುತ್ತದೆ. ಅದನ್ನು ನಿಲ್ಲಿಸಿದ್ದು ಯಾವುದು?

ಸ್ಥಾಯಿ ಘರ್ಷಣೆ, ಅಂದರೆ ಜಾರಿಕೆಯಿಲ್ಲದಾಗಿನ ಘರ್ಷಣೆ, ಎಂದು ಉತ್ತರಿಸಿದರೆ ವಿರೋಧಾಭಾಸ ಎದುರಾಗುತ್ತದೆ. ಘರ್ಷಣೆ ಹಿಮ್ಮುಖವಾಗಿ ವರ್ತಿಸಿದರೆ ಕೇಂದ್ರದ ವೇಗ ಕುಗ್ಗುತ್ತದೆ, ಆದರೆ ಅದೇ ಬಲದ ಟಾರ್ಕ್ ತಿರುಗುವಿಕೆಯನ್ನು ಹೆಚ್ಚಿಸುತ್ತದೆ. ಎರಡೂ ಒಟ್ಟಿಗೆ ನಡೆದರೆ ಗುಂಡು ಜಾರಲೇಬೇಕು. ಗುಂಡೂ ನೆಲವೂ ಪರಿಪೂರ್ಣ ದೃಢಕಾಯಗಳಾಗಿದ್ದರೆ, ಗಾಳಿಯನ್ನು ಬಿಟ್ಟರೆ ಅದನ್ನು ನಿಲ್ಲಿಸುವವರೇ ಇರುತ್ತಿರಲಿಲ್ಲ. ವಾಸ್ತವದಲ್ಲಿ ಎರಡೂ ಸ್ವಲ್ಪ ಅಮುಕಿಕೊಳ್ಳುತ್ತವೆ. ಸಂಪರ್ಕ ಒಂದು ಬಿಂದುವಾಗಿರದೆ ಪುಟ್ಟ ಪಟ್ಟಿಯಾಗುತ್ತದೆ. ಮುಂದಿನ ಅಂಚಿನಲ್ಲಿ ವಸ್ತುವನ್ನು ಅಮುಕಲು ತೆಗೆದುಕೊಂಡ ಶಕ್ತಿ, ಹಿಂದಿನ ಅಂಚಿನಲ್ಲಿ ವಸ್ತು ಮತ್ತೆ ಅರಳುವಾಗ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಸ್ವಲ್ಪ ಭಾಗ ಒಳಗೇ ಶಾಖವಾಗುತ್ತದೆ. ಇದರಿಂದ ನೆಲದ ಲಂಬ ಬಲ ಕೇಂದ್ರದ ನೇರ ಕೆಳಗಿರದೆ ಕೊಂಚ ಮುಂದಕ್ಕೆ ಸರಿಯುತ್ತದೆ, ಮತ್ತು ಆ ಸರಿತದಿಂದ ಹುಟ್ಟುವ ಟಾರ್ಕ್ ತಿರುಗುವಿಕೆಯನ್ನು ತಡೆಯುತ್ತದೆ. ಉರುಳು ಘರ್ಷಣೆ ಎನ್ನುವುದು ಇದನ್ನೇ.

ಗಾತ್ರ ಎಷ್ಟೆಂದು ತಿಳಿದಿರುವುದು ಒಳ್ಳೆಯದು. ರೈಲಿನ ಉಕ್ಕಿನ ಗಾಲಿ ಹಳಿಯ ಮೇಲೆ ಉರುಳುವಾಗ ಉರುಳು ಘರ್ಷಣೆಯ ಗುಣಾಂಕ (ತಡೆಯುವ ಬಲವನ್ನು ಭಾರದಿಂದ ಭಾಗಿಸಿದ ಸಂಖ್ಯೆ) ಸುಮಾರು 0.001ರಿಂದ 0.002, ಡಾಂಬರು ರಸ್ತೆಯ ಮೇಲಿನ ಕಾರಿನ ಟೈರಿಗೆ 0.01 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಒಂದು ಟನ್ ಭಾರವನ್ನು ಸಮತಟ್ಟಿನಲ್ಲಿ ನಿಧಾನವಾಗಿ ಸಾಗಿಸಲು ಹಳಿಯ ಮೇಲೆ 10ರಿಂದ 20 ನ್ಯೂಟನ್ ಸಾಕು, ಟೈರಿನ ಮೇಲೆ 100 ನ್ಯೂಟನ್ ಬೇಕು. ಗಾಳಿ ಕಡಿಮೆಯಾದ ಟೈರು ಹೆಚ್ಚು ಅಮುಕಿಕೊಳ್ಳುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಓರೆಹಲಗೆಯವರ ಪ್ರಯೋಗದಲ್ಲಿ ಉಳಿದಿರುವ ಶೇ. 2ಕ್ಕೆ ಇದಷ್ಟೇ ಕಾರಣವಲ್ಲವೆಂದು ನನ್ನ ಊಹೆ. ಅಂಚುಗಳ ಮೇಲೆ ಕುಳಿತ ಗುಂಡಿನಲ್ಲಿ ಸಂಪರ್ಕದ ಮೇಲ್ಮೈ ಓರೆಯಾಗಿರುವುದರಿಂದ, ಗುಂಡು ಅಲ್ಲಿ ಉರುಳುವುದರ ಜೊತೆಗೆ ಬುಗುರಿಯಂತೆ ನಿಂತಲ್ಲೇ ಸ್ವಲ್ಪ ತಿರುಚಿಕೊಳ್ಳುತ್ತದೆ. ಈ ತಿರುಚುವಿಕೆ ಅತಿ ಸಣ್ಣ ಜಾಗದಲ್ಲಿ ನಡೆಯುವ ನಿಜವಾದ ಜಾರಿಕೆ, ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಚಾನೆಲ್ ಅಗಲವಾದಷ್ಟೂ ಗುಂಡು ಆಳಕ್ಕೆ ಇಳಿದು ಈ ನಷ್ಟ ಹೆಚ್ಚಬೇಕು. ಕೋನೀಯ ಸಂಪರ್ಕದ ಬಾಲ್ ಬೇರಿಂಗುಗಳನ್ನು ವಿನ್ಯಾಸ ಮಾಡುವವರು ಇದನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಓರೆಹಲಗೆ

ಎಲ್ಲರಿಗೂ ಧನ್ಯವಾದಗಳು. ಸ್ಲೋ ಮೋಷನ್‌ನಲ್ಲಿ ಒಂದು ಸುತ್ತಿಗೆ ಸಾಗಿದ ದೂರ 5 ಸೆಂ.ಮೀ. ಎಂದೇ ಸ್ಪಷ್ಟವಾಗಿ ಕಾಣುತ್ತದೆ. ಲೇತ್‌ಮನೆಯವರ ಮಾತನ್ನು ಪರೀಕ್ಷಿಸಲು 16 ಮಿ.ಮೀ. ಒಳ ಅಗಲದ ಇನ್ನೊಂದು ಚಾನೆಲ್ ಹಾಕಿ ನೋಡಿದೆ. ಅದರಲ್ಲಿ ಉರುಳುವ ತ್ರಿಜ್ಯ 6 ಮಿ.ಮೀ., ಆಕಾರಾಂಕ 1.11, ಅಂದರೆ ಗುಂಡು ಉಂಗುರಕ್ಕಿಂತಲೂ ಸೋಮಾರಿಯಾಗಿ ವರ್ತಿಸಬೇಕು. ನಿರೀಕ್ಷಿತ ವೇಗ 1.36 ಮೀಟರ್, ಗೇಟುಗಳ ನಡುವಿನ ಕಾಲ 0.224 ಸೆಕೆಂಡು, ಅಳತೆಯ ವೇಗ 1.34. ಶಕ್ತಿಯಲ್ಲಿ ಕಾಣದಿರುವ ಪಾಲು ಶೇ. 3ಕ್ಕೂ ತುಸು ಹೆಚ್ಚು. ನಷ್ಟ ಹೆಚ್ಚಿರುವುದು ಅವರ ಊಹೆಗೆ ಹೊಂದುತ್ತದೆ, ಆದರೂ ಎರಡೇ ಅಗಲಗಳಿಂದ ತೀರ್ಮಾನಕ್ಕೆ ಬರುವುದು ಅವಸರವಾದೀತು.

ತರಗತಿಯಲ್ಲಿ ಈಗ ಎದ್ದಿರುವ ಮುಂದಿನ ಪ್ರಶ್ನೆ: ಮೊದಲು ಜಾರಿ ಆಮೇಲೆ ಉರುಳುವ ಗುಂಡಿನಲ್ಲಿ, ಘರ್ಷಣೆ ಸರಳ ಚಲನೆಯಿಂದ ತೆಗೆದ ಶಕ್ತಿಯೆಲ್ಲ ಶಾಖವಾಗುತ್ತದೆಯೇ?

ಪರಿಧಿ

ಆಗುವುದಿಲ್ಲ, ಮತ್ತು ಆಗದಿರುವುದನ್ನು ಸಂಖ್ಯೆಗಳಲ್ಲಿ ಬಹಳ ಚೊಕ್ಕವಾಗಿ ತೋರಿಸಬಹುದು. ಸಮತಟ್ಟಾದ ನೆಲದ ಮೇಲೆ 1 ಕಿ.ಗ್ರಾಂ. ದ್ರವ್ಯರಾಶಿಯ ಘನ ಗೋಳವೊಂದನ್ನು ಸ್ವಲ್ಪವೂ ತಿರುಗಿಸದೆ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಿಟ್ಟಿದ್ದೇವೆ, ಜಾರು ಘರ್ಷಣೆಯ ಗುಣಾಂಕ 0.2 ಎಂದುಕೊಳ್ಳಿ. ನೆಲದ ಬಿಂದುವಿನ ಸುತ್ತಲಿನ ಕೋನೀಯ ಸಂವೇಗ ಬದಲಾಗದು ಎಂಬುದರಿಂದ, ಕೊನೆಯ ಉರುಳುವ ವೇಗ ಮೊದಲಿನದರ 5/7, ಅಂದರೆ 5 ಮೀಟರ್. ಘರ್ಷಣಾ ಬಲ 1.96 ನ್ಯೂಟನ್, ಅದು ವೇಗವನ್ನು 7ರಿಂದ 5ಕ್ಕೆ ಇಳಿಸಲು 1.02 ಸೆಕೆಂಡು ಬೇಕು, ಆ ಅವಧಿಯಲ್ಲಿ ಕೇಂದ್ರ 6.12 ಮೀಟರ್ ಸಾಗಿರುತ್ತದೆ.

ಈಗ ಖಾತೆಗಳನ್ನು ನೋಡಿ. ಸರಳ ಚಲನೆಯ ಶಕ್ತಿ 24.5 ಜೂಲ್‌ನಿಂದ 12.5 ಜೂಲ್‌ಗೆ ಇಳಿದಿದೆ. ತೆಗೆದದ್ದು 12 ಜೂಲ್, ಇದು 1.96 ಮತ್ತು 6.12ರ ಗುಣಲಬ್ಧವೇ. ಭ್ರಮಣದ ಶಕ್ತಿ ಸೊನ್ನೆಯಿಂದ 5 ಜೂಲ್‌ಗೆ ಏರಿದೆ. ಹಾಗಾದರೆ ಶಾಖವಾದದ್ದು 7 ಜೂಲ್. ಇದನ್ನು ಬೇರೆ ದಾರಿಯಿಂದಲೂ ತಾಳೆ ನೋಡಬಹುದು: ತಳದ ಬಿಂದು ನೆಲದ ಮೇಲೆ ಉಜ್ಜಿಕೊಂಡು ಹೋಗುವ ವೇಗ 7ರಿಂದ ಸೊನ್ನೆಗೆ ಏಕರೂಪವಾಗಿ ಇಳಿಯುತ್ತದೆ, 1.02 ಸೆಕೆಂಡಿನಲ್ಲಿ ಉಜ್ಜಿದ ದೂರ 3.57 ಮೀಟರ್, ಅದನ್ನು 1.96ರಿಂದ ಗುಣಿಸಿದರೆ 7 ಜೂಲ್. ಅಚ್ಚುಗಾಲಿಯವರು ಮೊದಲ ಉತ್ತರದಲ್ಲಿ ಹೇಳಿದ ನಿಯಮವೇ ಇಲ್ಲಿಯೂ ನಡೆಯುತ್ತಿದೆ. ಕೇಂದ್ರ ಸಾಗಿದ ದೂರ ಒಂದು ಖಾತೆಯಿಂದ ತೆಗೆದ ಮೊತ್ತವನ್ನು ಹೇಳುತ್ತದೆ, ಸಂಪರ್ಕ ಬಿಂದು ಉಜ್ಜಿದ ದೂರ ಶಾಖವಾದ ಮೊತ್ತವನ್ನು ಹೇಳುತ್ತದೆ, ಎರಡರ ನಡುವಿನ ವ್ಯತ್ಯಾಸ ತಿರುಗುವಿಕೆಯಲ್ಲಿ ಇರುತ್ತದೆ. ಜಾರದೆ ಉರುಳುವಾಗ ಉಜ್ಜಿದ ದೂರ ಸೊನ್ನೆ, ಆದ್ದರಿಂದ ಶಾಖವೂ ಸೊನ್ನೆ.

ವಿದ್ಯಾರ್ಥಿಗಳಿಗೆ ಹೆಚ್ಚು ಅಚ್ಚರಿ ತರುವುದು ಇನ್ನೊಂದು. ನೆಲವನ್ನು ಇಮ್ಮಡಿ ಒರಟು ಮಾಡಿ, ಗುಣಾಂಕವನ್ನು 0.4 ಮಾಡಿ ನೋಡಿ. ಕಾಲ ಅರ್ಧವಾಗುತ್ತದೆ, ದೂರ 3.06 ಮೀಟರ್‌ಗೆ ಇಳಿಯುತ್ತದೆ, ಆದರೆ ಕೊನೆಯ ವೇಗ ಅದೇ 5 ಮೀಟರ್, ಶಾಖವಾದದ್ದು ಅದೇ 7 ಜೂಲ್. ಮೊದಲಿನ ಶಕ್ತಿಯ 2/7 ಭಾಗ ಹೋಗಿಯೇ ತೀರುತ್ತದೆ, ನೆಲ ಎಂಥದ್ದೇ ಇರಲಿ. ನೆಲದ ಒರಟುತನ ನಿರ್ಧರಿಸುವುದು ಅದು ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಮಾತ್ರ.

ಈ ನಷ್ಟವನ್ನು ತಪ್ಪಿಸುವ ದಾರಿ ನೆಲದಲ್ಲಿಲ್ಲ, ಹೊಡೆತದಲ್ಲಿದೆ. ಬಿಲಿಯರ್ಡ್ಸ್ ಆಡುವವರಿಗೆ ಇದು ಕೈಯಲ್ಲೇ ಗೊತ್ತಿರುತ್ತದೆ, ಫ್ರೆಂಚ್ ವಿಜ್ಞಾನಿ ಕೊರಿಯೊಲಿಸ್ 1835ರಲ್ಲೇ ಆ ಆಟದ ಗಣಿತವನ್ನು ವಿಸ್ತಾರವಾಗಿ ಬರೆದಿದ್ದಾನೆ. ಕೋಲಿನಿಂದ ಚೆಂಡನ್ನು ಮೇಜಿಗೆ ಸಮಾಂತರವಾಗಿ, ಕೇಂದ್ರಕ್ಕಿಂತ ತ್ರಿಜ್ಯದ 2/5ರಷ್ಟು ಮೇಲೆ, ಅಂದರೆ ಮೇಜಿನಿಂದ ತ್ರಿಜ್ಯದ 7/5ರಷ್ಟು ಎತ್ತರದಲ್ಲಿ ಹೊಡೆದರೆ, ಹೊಡೆತವೇ ಸಾಗುವ ವೇಗವನ್ನೂ ತಿರುಗುವ ವೇಗವನ್ನೂ ಸರಿಯಾದ ಅನುಪಾತದಲ್ಲಿ ಕೊಡುತ್ತದೆ, ಚೆಂಡು ಮೊದಲ ಕ್ಷಣದಿಂದಲೇ ಜಾರದೆ ಉರುಳುತ್ತದೆ. ಅದಕ್ಕಿಂತ ಕೆಳಗೆ ಹೊಡೆದರೆ ಘರ್ಷಣೆ ಹಿಮ್ಮುಖ, ಮೇಲೆ ಹೊಡೆದರೆ ಮುಮ್ಮುಖ. ನಿಮ್ಮಲ್ಲಿ ಕೇರಂ ಬೋರ್ಡೂ ಗೆರೆ ಎಳೆದ ಒಂದು ಚೆಂಡೂ ಇದ್ದರೆ ಸಾಕು, ಬೇರೆ ಬೇರೆ ಎತ್ತರದಲ್ಲಿ ಸ್ಕೇಲಿನಿಂದ ಮೆಲ್ಲಗೆ ಹೊಡೆದು, ಅದೇ ಮೊಬೈಲಿನಲ್ಲಿ ಗೆರೆಯ ತಿರುಗುವಿಕೆಯನ್ನು ಹೋಲಿಸಿ ನೋಡಬಹುದು. ಚೆಂಡು ಘನವಾಗಿರಲಿ, ಟೊಳ್ಳು ಚೆಂಡಾದರೆ ಆ 2/5ರ ಜಾಗದಲ್ಲಿ 2/3 ಬರುತ್ತದೆ.